ಅಪ್ಪನ ಪೀಠೋಪಕರಣದ ಕೆಲಸ ವಹಿಸಿಕೊಳ್ಳುವಾಗ ಮೊದಲು ಏನು ಕಲಿಯಬೇಕು?

ತಾತ ಶುರು ಮಾಡಿ ಅಪ್ಪ ನಡೆಸುತ್ತಿರುವ ಪೀಠೋಪಕರಣದ ಕೆಲಸ ಇನ್ನು ನಿಮ್ಮ ಕೈಗೆ ಬರುತ್ತದೆ, ಹೊಸ ಮೆಷಿನ್‌ಗೆ ದುಡ್ಡು ಹಾಕಲೋ ಅಥವಾ ಮೊದಲು ಕೆಲಸ ಕಲಿಯಲೋ ಅಂತ ಕೇಳಿದ್ದೀರಿ. ನಾನೂ ಮೂರನೇ ತಲೆಮಾರಿನವನೇ. ಮೆಷಿನ್ ಎಲ್ಲೂ ಓಡಿಹೋಗುವುದಿಲ್ಲ. ಅಪ್ಪನ ತಲೆಯಲ್ಲಿರುವುದನ್ನು ಮೊದಲು ಇಳಿಸಿಕೊಳ್ಳಿ.

ನಾನು ಉಲ್ಟಾ ಮಾಡಿದೆ. ನನ್ನ ಮೊದಲ ದೊಡ್ಡ ಆರ್ಡರ್ ಒಂದು ಊಟದ ಟೇಬಲ್. ಗಟ್ಟಿಯಾಗಿರಲಿ ಅಂತ ಮೇಲಿನ ಹಲಗೆಯನ್ನು ಕೆಳಗಿನ ಚೌಕಟ್ಟಿಗೆ ಸುತ್ತಲೂ ಗೋಂದು ಹಚ್ಚಿ, ಸ್ಕ್ರೂ ಬಿಗಿದು ಕೊಟ್ಟುಬಿಟ್ಟೆ. ಒಣಹವೆ ಶುರುವಾದದ್ದೇ ತಡ, ನಡುಮಧ್ಯೆ ಈ ತುದಿಯಿಂದ ಆ ತುದಿಗೆ ಬಿರುಕು. ವಾಪಸ್ ಬಂದ ಟೇಬಲ್ಲಿನ ಬಿರುಕನ್ನು ಅಪ್ಪ ನೋಡಲೇ ಇಲ್ಲ, ಬಗ್ಗಿ ಅಡಿಭಾಗ ನೋಡಿದರು. "ಕೈಕಾಲು ಕಟ್ಟಿಹಾಕಿದ್ದೀಯಲ್ಲೋ" ಅಂದರು. ಆಮೇಲೆ ನಮ್ಮ ಮನೆಯ ಹಳೇ ಟೇಬಲ್ ಮಗುಚಿ ತೋರಿಸಿದರು. ಸ್ಕ್ರೂ ಕೂತಿದ್ದ ತೂತುಗಳು ದುಂಡಗಿರಲಿಲ್ಲ, ಹಲಗೆಯ ಅಗಲದ ದಿಕ್ಕಿಗೆ ಉದ್ದುದ್ದ ಇದ್ದವು. ಇಪ್ಪತ್ತು ವರ್ಷ ಅದೇ ಟೇಬಲ್ ಮೇಲೆ ಉಂಡವನು ನಾನು, ಒಂದು ದಿನವೂ ಕೆಳಗೆ ಬಗ್ಗಿ ನೋಡಿರಲಿಲ್ಲ.

ಇದರ ಲೆಕ್ಕ ನನಗೆ ಗೊತ್ತಾದದ್ದು ಆಮೇಲೆ. ಹಸಿ ಮರದ ನೀರಿನಂಶ ಸುಮಾರು ಶೇ. 30ಕ್ಕಿಂತ ಕೆಳಗಿಳಿದ ಮೇಲೆ ಮರ ಕುಗ್ಗಲು ಶುರು. ಮನೆಯೊಳಗೆ ಅದು ಸಾಮಾನ್ಯವಾಗಿ ಶೇ. 8ರಿಂದ 12ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಹವೆ ಬದಲಾದಂತೆ ಮೇಲೆ ಕೆಳಗೆ ಆಡುತ್ತದೆ. ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ, ಕುಗ್ಗುವುದು ಹಿಗ್ಗುವುದೆಲ್ಲ ಅಗಲಕ್ಕೆ. ಹಳೇ ಟೇಬಲ್ಲಿನ ಉದ್ದ ತೂತುಗಳಲ್ಲಿ ಸ್ಕ್ರೂ ಸರಿಯಲು ಜಾಗವಿತ್ತು, ನಾನು ಬಿಗಿದ ಹಲಗೆಗೆ ಇರಲಿಲ್ಲ. ಅಪ್ಪನಿಗೆ ಈ ಅಂಕಿಗಳು ಗೊತ್ತಿಲ್ಲ. ಹಲಗೆಯನ್ನು ಕೆನ್ನೆಗೆ ಒತ್ತಿ, ತಣ್ಣಗಿದ್ದರೆ "ಇನ್ನೂ ಹಸಿ" ಅನ್ನುತ್ತಾರೆ. ನಾನು ತೇವಾಂಶ ಅಳೆಯುವ ಮೀಟರ್ ತಂದು ಪರೀಕ್ಷೆ ಮಾಡಿದ್ದೇನೆ, ಕೆನ್ನೆ ತಪ್ಪಿದ್ದು ಅಪರೂಪ. (ನಿಮ್ಮ ಕೆನ್ನೆ ನಂಬಬೇಡಿ, ಮೀಟರ್ ಕೊಳ್ಳಿ.) ಗಾಳಿಯಲ್ಲಿ ಒಣಗಿಸಲು ಒಂದಂಗುಲ ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೇ ಲೆಕ್ಕ. ಹಲಗೆಯ ಎರಡೂ ತುದಿಗೆ ಬಣ್ಣವೋ ಮೇಣವೋ ಬಳಿಯದಿದ್ದರೆ ತುದಿ ಬೇಗ ಒಣಗಿ ಸೀಳುತ್ತದೆ.

ಗೋಡೆಗೆ ನೇತುಹಾಕಿರುವ ತೆಳು ಹಲಗೆಯ ಅಚ್ಚುಗಳನ್ನು ಎಸೆಯಬೇಡಿ. ಯಾವುದು ಯಾವ ಕುರ್ಚಿಯ ಹಿಂಗಾಲು, ಯಾವುದು ಕೈಹಿಡಿ, ಅಪ್ಪನನ್ನು ಕೂರಿಸಿಕೊಂಡು ಒಂದೊಂದರ ಮೇಲೂ ಬರೆಸಿ. ದರ ಹೇಳುವಾಗ ಕೊಯ್ದು ಉಜ್ಜಿ ಹೊಟ್ಟಾಗಿ ಹೋಗುವ ಮರವನ್ನೂ ಸೇರಿಸಿ. ನಮ್ಮಪ್ಪ ಅದೊಂದನ್ನು ಕೊನೆವರೆಗೂ ಸೇರಿಸಲಿಲ್ಲ.

ಅಣ್ಣತಮ್ಮಂದಿರಿದ್ದರೆ ಯಾರಿಗೆ ಏನು ಅನ್ನುವುದು ಅಪ್ಪ ಇರುವಾಗಲೇ ಕಾಗದದ ಮೇಲೆ ಬರಲಿ. ಮರ ಬಗ್ಗಿಸಿ ಕುರ್ಚಿ ಮಾಡುವುದರಲ್ಲಿ ಹೆಸರಾದ ಮೈಕೆಲ್ ಥೋನೆಟ್ 1853ರಲ್ಲೇ ವ್ಯವಹಾರವನ್ನು ಐದು ಜನ ಗಂಡುಮಕ್ಕಳ ಹೆಸರಿಗೆ ಮಾಡಿದ, ತೀರಿಕೊಂಡದ್ದು 1871ರಲ್ಲಿ. ನಮ್ಮಲ್ಲಿ ಆ ಮಾತು ತೆಗೆಯಲು ಎಲ್ಲರಿಗೂ ಸಂಕೋಚ, ಆಮೇಲೆ ಎರಡು ವರ್ಷ ಅಣ್ಣನ ಜೊತೆ ಮಾತೇ ಇರಲಿಲ್ಲ.

ಇಷ್ಟಾದ ಮೇಲೆ ಮೆಷಿನ್ ಕೊಳ್ಳುವುದಾದರೆ ಮೊದಲು ಹಲಗೆಯ ದಪ್ಪ ಸಮ ಮಾಡುವ ಪ್ಲೇನರ್ ತನ್ನಿ. ಕಂಪ್ಯೂಟರ್ ಹೇಳಿದಂತೆ ಕೆತ್ತುವ ಸಿಎನ್‌ಸಿ ಮೆಷಿನ್ ಆಮೇಲೆ ನೋಡಿದರಾಯಿತು.