ಟಂಕಸಾಲೆಯಿಂದ ಬಂದ ಹೊಸ ನಾಣ್ಯದಲ್ಲೇ ಗೀರು, ವಾಪಸ್ ಕಳಿಸ್ಬೇಕಾ?

ಪ್ರಶ್ನೆ: ಸರ್, ಸರ್ಕಾರಿ ಟಂಕಸಾಲೆಯಿಂದ್ಲೇ ನೇರವಾಗಿ ಒಂದು ಬೆಳ್ಳಿ ಪ್ರೂಫ್ ನಾಣ್ಯ (ಸಂಗ್ರಹಕ್ಕೆ ಅಂತಲೇ ಕನ್ನಡಿ ಹೊಳಪಲ್ಲಿ ಒತ್ತೋದು) ತರಿಸ್ಕೊಂಡೆ. ಮಧ್ಯದಲ್ಲಿ ಡೀಲರ್ ಯಾರೂ ಇಲ್ಲ, ಬಾಕ್ಸ್ ಸೀಲ್ ಆಗೇ ಬಂತು. ಆದ್ರೂ ಕನ್ನಡಿ ಥರ ಹೊಳಿಯೋ ಜಾಗದಲ್ಲಿ ಕೂದಲೆಳೆಯಷ್ಟು ಸಣ್ಣ ಗೀರುಗಳಿವೆ, ಅಂಚಿನ ಹತ್ರ ಹಾಲಿನ ಹನಿ ಒಣಗಿದ ಹಾಗೆ ಒಂದು ಬಿಳಿ ಚುಕ್ಕೆ. ಇವ್ರು ಚೆಕ್ ಮಾಡ್ದೇ ಕಳಿಸ್ತಾರಾ? ವಾಪಸ್ ಕಳಿಸ್ಲಾ, ಇಲ್ಲ ಮೆತ್ತನೆ ಬಟ್ಟೆಯಲ್ಲಿ ಒರೆಸಿದ್ರೆ ಹೋಗುತ್ತಾ?

ಉತ್ತರ: ಕೊನೇ ಮಾತಿಗೆ ಮೊದ್ಲು ಉತ್ತರ ಹೇಳ್ಬಿಡ್ತೀನಿ, ಒರೆಸ್ಬೇಡಿ. ನಾಣ್ಯ ಕೂತಿರೋ ಪ್ಲಾಸ್ಟಿಕ್ ಕ್ಯಾಪ್ಸೂಲ್ ಕೂಡ ತೆಗೀಬೇಡಿ. ನಾನು ಈ ಹವ್ಯಾಸಕ್ಕೆ ಬಿದ್ದ ಹೊಸದ್ರಲ್ಲಿ ಕರ್ಚೀಫಲ್ಲಿ ಒಂದೇ ಒಂದು ಸಲ ಒರೆಸಿದ ಪ್ರೂಫ್ ನಾಣ್ಯ ಇವತ್ತಿಗೂ ನನ್ನ ಹತ್ರ ಇದೆ, ಲೈಟಿಗೆ ಹಿಡಿದ್ರೆ ಪೊರಕೆಯಲ್ಲಿ ಗುಡಿಸಿದ ಅಂಗಳದ ಥರ ಕಾಣುತ್ತೆ.

ಈಗ ಗೀರಿನ ವಿಷ್ಯ. ಟ್ಯೂಬ್‌ಲೈಟ್ ಆರಿಸಿ, ಒಂದೇ ಒಂದು ಬಲ್ಬ್ ಹಾಕ್ಕೊಂಡು, ಐದು ಪಟ್ಟು ದೊಡ್ಡದಾಗಿ ತೋರ್ಸೋ ಲೆನ್ಸ್ ಇಟ್ಕೊಂಡು ಕ್ಯಾಪ್ಸೂಲ್ ಸಮೇತ ನಾಣ್ಯನ ನಿಧಾನಕ್ಕೆ ವಾಲಿಸಿ ನೋಡಿ. ವಾಲಿಸಿದಾಗ ಗೀರು ನಾಣ್ಯದ ಮೇಲಿನ ಚಿತ್ರ ಬಿಟ್ಟು ಆಚೀಚೆ ಜಾರಿದ ಹಾಗೆ ಕಂಡ್ರೆ ಅದು ಪ್ಲಾಸ್ಟಿಕ್ಕಿನ ಗೀರು, ನಾಣ್ಯದ್ದಲ್ಲ. ನಗ್ಬೇಡಿ, ಇದಕ್ಕೇ ನಾಣ್ಯ ವಾಪಸ್ ಕಳಿಸಿದವ್ರನ್ನ ನೋಡಿದೀನಿ.

ನಾಣ್ಯದ ಮೇಲೇ ಇದ್ರೆ, ಅದು ಉಬ್ಬಿದ ಗೆರೆನಾ ಇಲ್ಲ ತಗ್ಗಾದ ಗೆರೆನಾ ಅನ್ನೋದೇ ಮುಖ್ಯ. ಪ್ರೂಫ್ ನಾಣ್ಯಕ್ಕೆ ಅಚ್ಚನ್ನೂ ಪಾಲಿಶ್ ಮಾಡ್ತಾರೆ, ಖಾಲಿ ಬಿಲ್ಲೆನೂ ಪಾಲಿಶ್ ಮಾಡ್ತಾರೆ, ಆಮೇಲೆ ಎರಡು ಅಥವಾ ಇನ್ನೂ ಹೆಚ್ಚು ಸಲ ಒತ್ತುತಾರೆ. ಅಚ್ಚಿನ ಪಾಲಿಶಲ್ಲಿ ಸಣ್ಣ ಗೆರೆ ಉಳಿದ್ರೆ, ಒತ್ತಿದಾಗ ಬೆಳ್ಳಿ ಆ ಗೆರೆಯೊಳಗೆ ನುಗ್ಗಿ ನಾಣ್ಯದ ಮೇಲೆ ಉಬ್ಬಿ ಬರುತ್ತೆ. ಅಚ್ಚಲ್ಲಿ ಅಕ್ಷರ, ಚಿತ್ರ ಎಲ್ಲ ಗುಳಿಯೊಳಗೆ ಇರೋದ್ರಿಂದ ಪಾಲಿಶ್ ಅಲ್ಲಿಗೆ ಮುಟ್ಟಲ್ಲ, ಹಾಗಾಗಿ ಈ ಗೆರೆ ಅಕ್ಷರದ ಬುಡಕ್ಕೆ ಬಂದು ನಿಂತು, ಆ ಕಡೆಯಿಂದ ಮತ್ತೆ ಅದೇ ದಿಕ್ಕಲ್ಲಿ ಶುರುವಾಗುತ್ತೆ. ಇದು ಅಚ್ಚಿನ ಗುರುತು, ಅದೇ ಅಚ್ಚಿಂದ ಬಂದ ಬೇರೆ ನಾಣ್ಯಗಳಲ್ಲೂ ಇರುತ್ತೆ, ಬದಲಾಯ್ಸಿದ್ರೆ ಅಂಥದ್ದೇ ಇನ್ನೊಂದು ಬಂದ್ರೂ ಬರ್ಬಹುದು. ಗೆರೆ ತಗ್ಗಾಗಿದ್ದು, ದಿಕ್ಕಿಲ್ಲದೆ ಓಡಾಡ್ತಾ ಅಕ್ಷರದ ನೆತ್ತಿ ಮೇಲೂ ಹತ್ತಿ ಹೋಗಿದ್ರೆ ಮಾತ್ರ ಅದು ಒತ್ತಾದ ಮೇಲೆ ಯಾರದೋ ಕೈಗೋ ಬಟ್ಟೆಗೋ ಸಿಕ್ಕಿ ಆದ ಗೀರು. ನೀವು ಕ್ಯಾಪ್ಸೂಲ್ ತೆಗೆದೇ ಇಲ್ಲ ಅಂದ್ರೆ ಆ ಕೈ ನಿಮ್ದಲ್ಲ, ಧೈರ್ಯವಾಗಿ ವಾಪಸ್ ಕಳಿಸಿ. ಸಣ್ಣ ದಾರದ ಎಳೆಯ ಥರ ಬಾಗಿದ ತಗ್ಗು ಗುರುತು ಇದ್ರೆ ಅದು ಒತ್ತೋವಾಗ ಅಚ್ಚಿಗೂ ಬಿಲ್ಲೆಗೂ ಮಧ್ಯೆ ಸಿಕ್ಕಿದ ಬಟ್ಟೆ ನೂಲು, ಅದೂ ಅಲ್ಲಿಯ ತಪ್ಪೇ.

ಬಿಳಿ ಚುಕ್ಕೆಗೆ ಮಿಲ್ಕ್ ಸ್ಪಾಟ್ ಅಂತಾರೆ. ಬಿಲ್ಲೆ ತೊಳೆದ ಕೆಮಿಕಲ್ ಪೂರ್ತಿ ಹೋಗದೇ ಉಳಿದು, ಅದನ್ನ ಕಾಯಿಸಿದಾಗ ಬೆಳ್ಳಿಗೆ ಹಿಡ್ಕೊಳ್ಳುತ್ತೆ ಅನ್ನೋದು ಸಾಮಾನ್ಯವಾಗಿ ಕೊಡೋ ಕಾರಣ. ಕಿರಿಕಿರಿ ಏನಂದ್ರೆ ಪ್ಯಾಕ್ ಮಾಡೋವಾಗ ಕಾಣ್ದೇ ಇದ್ದು ತಿಂಗಳುಗಳಾದ ಮೇಲೂ ಬರುತ್ತೆ, ಆಗ ಯಾವ ಚೆಕಿಂಗಲ್ಲೂ ಸಿಗಲ್ಲ. ಈ ಕಾಟ ಎಷ್ಟಿತ್ತು ಅಂದ್ರೆ ರಾಯಲ್ ಕೆನೇಡಿಯನ್ ಮಿಂಟ್ 2018ರಲ್ಲಿ ತನ್ನ ಮೇಪಲ್ ಲೀಫ್ ಬೆಳ್ಳಿ ನಾಣ್ಯಕ್ಕೆ ಮಿಂಟ್‌ಶೀಲ್ಡ್ ಅಂತ ಒಂದು ಹೊಸ ವಿಧಾನನೇ ತಂತು. ಚುಕ್ಕೆ ಈಗ್ಲೇ ಇದೆ, ವಾಪಸ್ ಮಾಡೋ ಅವಧಿ ಮುಗಿದಿಲ್ಲ ಅಂದ್ರೆ ಸುಮ್ನಿರ್ಬೇಡಿ.

ಇನ್ನು ಚೆಕ್ ಮಾಡ್ದೇ ಕಳಿಸ್ತಾರಾ ಅನ್ನೋದು. ಮಾಡ್ತಾರೆ, ಆದ್ರೆ ಟಂಕಸಾಲೆಯವ್ರ ತಲೆಯಲ್ಲಿ ಮೊದಲಿಂದ ಇರೋ ಪರೀಕ್ಷೆ ಬೇರೆ, ನಮ್ಮ ತಲೆಯಲ್ಲಿರೋದು ಬೇರೆ. ಬ್ರಿಟನ್ನಲ್ಲಿ 13ನೇ ಶತಮಾನದಿಂದ ಟ್ರಯಲ್ ಆಫ್ ದ ಪಿಕ್ಸ್ ಅಂತ ನಡೀತಿದೆ, ಹೊಸ ನಾಣ್ಯಗಳ ಸ್ಯಾಂಪಲ್ ತೆಗೆದು ಹೊರಗಿನವ್ರ ಕೈಗೆ ಕೊಡ್ತಾರೆ, ಅವ್ರು ನೋಡೋದು ತೂಕ, ಅಳತೆ, ಲೋಹದ ಶುದ್ಧತೆ. ಅಮೆರಿಕದಲ್ಲೂ 1792ರ ಕಾನೂನಿಂದ ಬಂದ ಅಸ್ಸೇ ಕಮಿಷನ್ 1980ರವರೆಗೆ ಇಂಥದ್ದೇ ಕೆಲ್ಸ ಮಾಡ್ತಿತ್ತು. ರಾಜನೋ ಸರ್ಕಾರನೋ ಬೆಳ್ಳಿ ಕದ್ದಿಲ್ಲ ಅಂತ ಜನಕ್ಕೆ ಗೊತ್ತಾಗ್ಬೇಕಿತ್ತು ಅಷ್ಟೇ, ಕೂದಲೆಳೆ ಗೀರು ಯಾರಿಗೆ ಬೇಕಿತ್ತು? ಅದನ್ನ ನೋಡೋದು ಪ್ಯಾಕಿಂಗ್ ಟೇಬಲ್ಲಿನ ಮನುಷ್ಯ, ಅವ್ರ ಕಣ್ಣೂ ಸೋಲುತ್ತೆ. ದೊಡ್ಡ ತಪ್ಪುಗಳೇ ದಾಟಿ ಹೋಗಿವೆ: 2008ರಲ್ಲಿ ಬ್ರಿಟನ್ನಿನ 20 ಪೆನ್ಸ್ ನಾಣ್ಯದ ಡಿಸೈನ್ ಬದಲಾದಾಗ ಇಸವಿ ಹಿಂಬದಿಯಿಂದ ಮುಂಬದಿಗೆ ಬಂತು, ಯಾರೋ ಹಳೇ ಮುಂಬದಿ ಅಚ್ಚಿಗೆ ಹೊಸ ಹಿಂಬದಿ ಅಚ್ಚು ಜೋಡ್ಸಿದ್ರು, ಇಸವಿನೇ ಇಲ್ಲದ ನಾಣ್ಯಗಳು ಚಲಾವಣೆಗೆ ಬಂದ್ಬಿಟ್ವು. ನಮ್ಮ ಗ್ರಹಚಾರ ನೋಡಿ, ಅಂಥ ತಪ್ಪಿಗೆ ಜನ ಮುಗಿಬಿದ್ದು ಜಾಸ್ತಿ ದುಡ್ಡು ಕೊಡ್ತಾರೆ, ಒಂದು ಗೀರಿಗೆ ಮೂಗು ಮುರೀತಾರೆ.

ಪ್ರಶ್ನೆ: ನೇರ ಟಂಕಸಾಲೆಯಿಂದ ತಗೊಂಡಿದ್ದು ಗ್ರೇಡಿಂಗಿಗೆ, ಅಂದ್ರೆ ನಾಣ್ಯದ ಸ್ಥಿತಿ ನೋಡಿ ಅಂಕ ಕೊಡೋ ಕಂಪನಿಗೆ, ಕಳಿಸಿದ್ರೆ 70ಕ್ಕೆ 70 ಬರ್ಬೇಕಲ್ವಾ? ನಂಗೆ 69 ಬಂತು.

ಉತ್ತರ: ಬರ್ಲೇಬೇಕು ಅಂತ ಎಲ್ಲೂ ಇಲ್ಲ. 70ರ ಈ ಅಳತೆ ವಿಲಿಯಂ ಶೆಲ್ಡನ್ ಅನ್ನೋರು 1949ರಲ್ಲಿ ಅಮೆರಿಕದ ಹಳೇ ದೊಡ್ಡ ಸೆಂಟ್ ನಾಣ್ಯಗಳಿಗೆ ಅಂತ ಮಾಡಿದ್ದು, ಗ್ರೇಡಿಂಗ್ ಕಂಪನಿಗಳು ಆಮೇಲೆ ಎಲ್ಲಾದಕ್ಕೂ ಹಾಕಿದ್ವು. ಈಗ 70 ಅಂದ್ರೆ ಐದು ಪಟ್ಟು ಲೆನ್ಸಲ್ಲಿ ನೋಡಿದ್ರೂ ಒತ್ತಾದ ಮೇಲಿನ ಯಾವ ದೋಷನೂ ಕಾಣಬಾರ್ದು. ಟಂಕಸಾಲೆ ನಿಮಗೆ ಮಾರಿದ್ದು ಪ್ರೂಫ್ ನಾಣ್ಯ, 70 ನಂಬರನ್ನಲ್ಲ, 69 ಬಂತು ಅಂತ ವಾಪಸ್ ಕೇಳೋಕೆ ಹೋದ್ರೆ ಕೆಲ್ಸ ಆಗಲ್ಲ, ಅದೂ ನಾಣ್ಯ ಆಗ್ಲೇ ಇನ್ನೊಬ್ಬರ ಕೈ ದಾಟಿ ಬಂದಿರುತ್ತೆ.

ಪ್ರಶ್ನೆ: ವಾಪಸ್ ಕಳಿಸೋವಾಗ ಏನು ನೋಡ್ಕೋಬೇಕು?

ಉತ್ತರ: ಆರ್ಡರ್ ಪೇಜಲ್ಲಿರೋ ರಿಟರ್ನ್ ಷರತ್ತು ಮೊದ್ಲು ಓದಿ, ದಿನಗಳ ಲೆಕ್ಕ ಒಂದೊಂದು ಟಂಕಸಾಲೆಗೆ ಒಂದೊಂದು ಥರ. ಡಬ್ಬಿ, ಸರ್ಟಿಫಿಕೇಟ್, ಹೊರಗಿನ ರಟ್ಟು ಸಮೇತ ಕಳಿಸಿ. ದೋಷ ಇರೋ ಜಾಗನ ಹತ್ರದಿಂದ ಫೋಟೋ ತೆಗೆದು, ನಾಣ್ಯನ ಗಡಿಯಾರ ಅಂದ್ಕೊಂಡು ನಾಲ್ಕು ಗಂಟೆಯ ಜಾಗದಲ್ಲಿ ಅಂತ ಬರೀರಿ, ಬರೀ 'ಕ್ವಾಲಿಟಿ ಸರಿ ಇಲ್ಲ' ಅಂದ್ರೆ ಅವ್ರು ಹುಡುಕೋ ಕಷ್ಟ ತಗೊಳ್ಳಲ್ಲ. ಸ್ಟಾಕ್ ಇದೆಯಾ ಅಂತ ಮೊದ್ಲೇ ಕೇಳ್ಕೊಳಿ, ಇಷ್ಟೇ ಪ್ರತಿ ಅಂತ ಮಾಡಿದ್ದು ಖಾಲಿ ಆಗಿದ್ರೆ ದುಡ್ಡು ವಾಪಸ್ ಬರುತ್ತೆ, ನಾಣ್ಯ ಬರಲ್ಲ, ಆಗ ಆ ಗೀರಿನ ನಾಣ್ಯನೇ ಇಟ್ಕೊಳ್ಳೋದು ವಾಸಿ ಅನ್ಸಬಹುದು. ಮತ್ತೆ ಬದಲಿ ನಾಣ್ಯ ಬಂದ ದಿನಾನೇ ಅದೇ ಬಲ್ಬಿನ ಕೆಳಗೆ ನೋಡ್ಬಿಡಿ, ಬೀರುಗೆ ಸೇರ್ಸಿ ಮರೀಬೇಡಿ.