ಬರಹಗಾರರಿಗೆ ಸಲಹೆ: ಆ ಎರಡನೇ ಜಿಗಿತದಿಂದ ಶುರು ಮಾಡಿ

ಆತ್ಮೀಯರೇ,

ಜಪಾನಿನ ಫಿಗರ್ ಸ್ಕೇಟರ್ ಮಿಡೋರಿ ಇಟೊ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ಇವರ ಬಗ್ಗೆ ಕನ್ನಡದಲ್ಲಿ ಒಂದು ಒಳ್ಳೆಯ ಲೇಖನ ಬರಬೇಕು ಅಂತ ನನಗೂ ತುಂಬಾ ಆಸೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಎರಡು ಪುಟ ಪೂರ್ತಿ ಪದಕಗಳ ಪಟ್ಟಿ. 1989ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಚಾಂಪಿಯನ್, 1990ರಲ್ಲಿ ಹ್ಯಾಲಿಫ್ಯಾಕ್ಸ್‌ನಲ್ಲಿ ಬೆಳ್ಳಿ, 1992ರ ಒಲಿಂಪಿಕ್ಸ್‌ನಲ್ಲೂ ಬೆಳ್ಳಿ. ಎಲ್ಲ ಸರಿಯೇ. ಆದರೆ ಹಿಂದಿನ ವರ್ಷವಷ್ಟೇ ಗೆದ್ದವರಿಗೆ 1990ರಲ್ಲಿ ಯಾಕೆ ಬೆಳ್ಳಿ? ನೀವು "ಅದೃಷ್ಟ ಕೈಕೊಟ್ಟಿತು" ಅಂತ ಬರೆದು ಮುಂದೆ ಹೋಗಿದ್ದೀರಿ. ಅದೃಷ್ಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆ ವರ್ಷ ಸಂಗೀತಕ್ಕೆ ಮಾಡುವ ಎರಡು ಪ್ರದರ್ಶನಗಳಲ್ಲೂ, ಅಂದರೆ ಚಿಕ್ಕದಾದ ಶಾರ್ಟ್ ಪ್ರೋಗ್ರಾಂ, ಉದ್ದವಾದ ಫ್ರೀ ಸ್ಕೇಟ್ ಎರಡರಲ್ಲೂ, ಅವರೇ ಮೊದಲು. ಕೆಳಗೆ ಎಳೆದದ್ದು ಕಡ್ಡಾಯ ಫಿಗರ್‌ಗಳು.

ಆ ಫಿಗರ್‌ಗಳ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಆಟದ ಹೆಸರೇ ಅದರಿಂದ ಬಂದಿರೋದು, ಅಲ್ವಾ? ಸ್ಕೇಟರ್ ಖಾಲಿ ಐಸ್ ಮೇಲೆ ಅಲಗಿನ ಅಂಚಿನಲ್ಲಿ ಇಂಗ್ಲಿಷ್ ಎಂಟರಂಥ ಆಕಾರ ಎಳೆಯಬೇಕು. ಸಂಗೀತ ಇಲ್ಲ, ಜಿಗಿತ ಇಲ್ಲ. ಎಳೆದ ಗೆರೆಯ ಮೇಲೇ ಮತ್ತೆ ಮತ್ತೆ ಹೋಗಬೇಕು. ಆಮೇಲೆ ತೀರ್ಪುಗಾರರು ಐಸ್ ಮೇಲೆ ನಡೆದು ಬಂದು, ಬಗ್ಗಿ, ಗೆರೆ ಎಲ್ಲಿ ಕದಲಿದೆ ಅಂತ ನೋಡುತ್ತಾರೆ. ರಂಗೋಲಿ ಹಾಕುವವರಿಗೆ ಇದು ತಕ್ಷಣ ಅರ್ಥ ಆಗುತ್ತದೆ. ಹಾಕಿದ ಎಳೆಯ ಮೇಲೆ ಇನ್ನೊಂದು ಎಳೆ ಕೂರಿಸುವ ಕಷ್ಟ ಅದು, ಇಲ್ಲಿ ಕಾಲಿನಿಂದ. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಒಟ್ಟು ಅಂಕದ ಶೇ. 30 ಇದಕ್ಕೇ ಇತ್ತು. ಇಟೊ ಇದರಲ್ಲಿ 10ನೇ ಸ್ಥಾನ. ಆಮೇಲೆ ಫ್ರೀ ಸ್ಕೇಟ್‌ನಲ್ಲಿ ಏಳು ಟ್ರಿಪಲ್ ಜಿಗಿತ (ಗಾಳಿಯಲ್ಲಿ ಮೂರು ಸುತ್ತು ಸುತ್ತುವಂಥವು) ಹಾರಿ ಇಳಿದರೂ ಕೊನೆಗೆ ಸಿಕ್ಕಿದ್ದು 5ನೇ ಸ್ಥಾನ. 1990ರ ನಂತರ ವಿಶ್ವ ಮಟ್ಟದ ಸ್ಪರ್ಧೆಗಳಿಂದ ಫಿಗರ್‌ಗಳನ್ನೇ ತೆಗೆದರು. ಇಷ್ಟು ಹೇಳಿದರೆ ನಿಮ್ಮ ಪದಕಪಟ್ಟಿಗೆ ಜೀವ ಬರುತ್ತದೆ.

ಎರಡನೆಯದು, ಟ್ರಿಪಲ್ ಆಕ್ಸೆಲ್. "ಅತ್ಯಂತ ಕಠಿಣವಾದ, ಮೈನವಿರೇಳಿಸುವ, ಅಸಾಧ್ಯವೆನಿಸುವ ಜಿಗಿತ" ಎಂದಿದ್ದೀರಿ. ಮೂರು ವಿಶೇಷಣ ಬಂದವು, ಜಿಗಿತ ಮಾತ್ರ ನನಗೆ ಕಾಣಲಿಲ್ಲ. ಸುಮ್ನೆ ನಡೆಯುವುದನ್ನು ಹೇಳಿ. ಬೇರೆ ಜಿಗಿತಗಳಿಗೆಲ್ಲ ಹಿಮ್ಮುಖವಾಗಿ ಜಾರುತ್ತಾ ಹಾರುತ್ತಾರೆ. ಆಕ್ಸೆಲ್‌ಗೆ ಮಾತ್ರ ಮುಂದಕ್ಕೆ ನೋಡುತ್ತಾ ಹಾರಬೇಕು. ಇಳಿಯುವುದು ಎಲ್ಲದರಂತೆ ಹಿಮ್ಮುಖವಾಗಿಯೇ. ಅದಕ್ಕೇ ಅರ್ಧ ಸುತ್ತು ಜಾಸ್ತಿ. ಮೂರೂವರೆ ಸುತ್ತು, ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ, ಒಂದೇ ಕಾಲಿನ ಮೇಲೆ ಇಳಿಯಬೇಕು. ಗಂಡಸರಲ್ಲಿ ಕೆನಡಾದ ವರ್ನ್ ಟೇಲರ್ 1978ರಲ್ಲಿ ಮೊದಲು ಮಾಡಿದರು. ಹತ್ತು ವರ್ಷದ ಮೇಲೆ, 1988ರಲ್ಲಿ, ಸ್ಪರ್ಧೆಯಲ್ಲಿ ಇದನ್ನು ಮಾಡಿದ ಮೊದಲ ಹೆಂಗಸು ಇಟೊ. ಐದಡಿಯೂ ಇಲ್ಲದ ಹುಡುಗಿ. ಆ ಎತ್ತರವನ್ನು ನೀವು ಹೇಳೇ ಇಲ್ಲ!

ಒಂದು ಚಿಕ್ಕ ಮಾತು. ಎಲ್ಲ ಕಡೆ "ಮಂಜಿನ ಮೇಲೆ ಜಾರುತ್ತಾ" ಅಂತಿದೆ. ಮಂಜು ಅಂದರೆ ನಮ್ಮವರ ಕಣ್ಣಿಗೆ ಬೆಳಗಿನ ಜಾವದ ಮಡಿಕೇರಿ ಬರುತ್ತದೆ. ಐಸ್ ಅಂತಲೇ ಬರೆಯಿರಿ.

ಇನ್ನು 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್. ಇಲ್ಲಿ ತಪ್ಪೂ ಇದೆ. "ಶಾರ್ಟ್ ಪ್ರೋಗ್ರಾಂನಲ್ಲಿ ಟ್ರಿಪಲ್ ಆಕ್ಸೆಲ್ ಮಾಡಲು ಹೋಗಿ ಬಿದ್ದರು" ಎಂದಿದ್ದೀರಿ. ಇಲ್ಲ. ಅಭ್ಯಾಸದಲ್ಲಿ ಆಕ್ಸೆಲ್ ಕೈಗೆ ಹತ್ತುತ್ತಿರಲಿಲ್ಲ. ಅದಕ್ಕೆ ಅದನ್ನು ಬಿಟ್ಟು, ಅದಕ್ಕಿಂತ ಸುಲಭದ ಟ್ರಿಪಲ್ ಲುಟ್ಜ್ ಎಂಬ ಜಿಗಿತ ಆರಿಸಿಕೊಂಡರು. ಬಿದ್ದದ್ದು ಆ ಲುಟ್ಜ್‌ನಲ್ಲಿ. ನೀವು ಬರೆದಿರುವುದಕ್ಕಿಂತ ಇದು ಎಷ್ಟು ಹೆಚ್ಚು ನೋಯುತ್ತದೆ ನೋಡಿ. ನಾಲ್ಕನೇ ಸ್ಥಾನಕ್ಕೆ ಇಳಿದರು. ಫ್ರೀ ಸ್ಕೇಟ್‌ನಲ್ಲಿ ಮೊದಲ ಟ್ರಿಪಲ್ ಆಕ್ಸೆಲ್‌ಗೂ ಬಿದ್ದರು. ಚಿನ್ನ ಹೆಚ್ಚುಕಡಿಮೆ ಕೈತಪ್ಪಿತ್ತು. ಪ್ರದರ್ಶನದ ಕೊನೆಕೊನೆಗೆ, ಕಾಲು ಸೋತಿರುವ ಹೊತ್ತಿನಲ್ಲಿ, ಮತ್ತೆ ಅದೇ ಜಿಗಿತಕ್ಕೆ ಹೋದರು. ಈ ಸಲ ಇಳಿದರು. ಒಲಿಂಪಿಕ್ಸ್‌ನಲ್ಲಿ ಮಹಿಳೆಯೊಬ್ಬರು ಮಾಡಿದ ಮೊದಲ ಟ್ರಿಪಲ್ ಆಕ್ಸೆಲ್ ಅದು. ವಿಡಿಯೊದಲ್ಲಿ ಆ ಕ್ಷಣ ಅವರ ಮುಖ ಅರಳುವುದನ್ನು ನೋಡಿ, ಆಮೇಲೆ ಬರೆಯಿರಿ. ಚಿನ್ನ ಅಮೆರಿಕದ ಕ್ರಿಸ್ಟಿ ಯಮಗುಚಿಗೆ ಹೋಯಿತು. ಬೆಳ್ಳಿ ಗೆದ್ದ ಇಟೊ ತಮ್ಮ ದೇಶದವರ ಕ್ಷಮೆ ಕೇಳಿದರು. ನನಗೆ ಇವತ್ತಿಗೂ ಅದನ್ನು ಓದಿದರೆ ಸಂಕಟ ಆಗುತ್ತದೆ. ನಿಮ್ಮ ಐದನೇ ಪುಟದಲ್ಲಿ ಅರ್ಧ ಸಾಲಿನಲ್ಲಿ ಮುಗಿದುಹೋಗಿದೆ. ಲೇಖನ ಶುರುವಾಗಬೇಕಾದದ್ದು ಇಲ್ಲಿಂದ, ಆ ಎರಡನೇ ಜಿಗಿತದಿಂದ.

1991ರ ಮ್ಯೂನಿಕ್ ವಿಶ್ವ ಚಾಂಪಿಯನ್‌ಶಿಪ್‌ನ ಘಟನೆಯನ್ನು ನೀವು ತುಂಬಾ ಚೆನ್ನಾಗಿ ಬರೆದಿದ್ದೀರಿ. ಅಂಚಿಗೆ ತೀರಾ ಹತ್ತಿರ ಜಿಗಿದು, ಕ್ಯಾಮೆರಾಗೆ ಅಂತ ಬಿಟ್ಟಿದ್ದ ಜಾಗದಿಂದ ರಿಂಕ್‌ನ ಆಚೆಗೆ ಬಿದ್ದದ್ದು, ಕೂಡಲೇ ಎದ್ದು ಬಂದು ಸಂಗೀತ ಹಿಡಿದು ಮುಂದುವರಿದದ್ದು. ಒಂದು ಅಕ್ಷರವೂ ಮುಟ್ಟಬೇಡಿ. ಅಲ್ಲಿ ನೀವು ನೋಡಿ ಬರೆದಿದ್ದೀರಿ, ಉಳಿದ ಕಡೆ ಓದಿ ಬರೆದಿದ್ದೀರಿ. ನಗೋಯಾದಲ್ಲಿ ಕೋಚ್ ಮಚಿಕೊ ಯಮಾಡಾ ಅವರ ಮನೆಯಲ್ಲೇ ಬೆಳೆದ ಭಾಗಕ್ಕೆ ಇನ್ನೊಂದು ಪ್ಯಾರಾ ಕೊಡಿ. ಮುಂದೆ ಜಪಾನಿನ ಇನ್ನೊಬ್ಬ ಸ್ಕೇಟರ್ ಮಾವೊ ಅಸಾಡಾಗೆ ಕಲಿಸಿದ್ದೂ ಅದೇ ಯಮಾಡಾ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಅಸಾಡಾ ಮೂರು ಟ್ರಿಪಲ್ ಆಕ್ಸೆಲ್ ಮಾಡಿದರು, ಅವರಿಗೂ ಬೆಳ್ಳಿಯೇ ಬಂತು.

"ಸೋಲೇ ಗೆಲುವಿನ ಮೆಟ್ಟಿಲು" ಎನ್ನುವ ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. ಅದರ ಹಿಂದಿನ ಪ್ಯಾರಾದಲ್ಲಿ ಇಟೊ 1998ರಲ್ಲಿ ನಾಗಾನೊ ಒಲಿಂಪಿಕ್ಸ್‌ನ ಜ್ಯೋತಿ ಹೊತ್ತಿಸುತ್ತಾರಲ್ಲ, ಅಲ್ಲಿಗೇ ನಿಲ್ಲಿಸಿ.

ಅವಸರ ಬೇಡ. ತಿದ್ದಿದ ಪ್ರತಿ ಬಂದ ದಿನವೇ ಓದುತ್ತೇನೆ.