ಕರೆಂಟ್ ಬಂದ ಮೇಲೆ ಕ್ಯಾಮೆರಾ ಮಾಯವಾದರೆ ಡಿಎಚ್‌ಸಿಪಿ ನೋಡಿ

ಸರ್, ಮನೆಯಲ್ಲಿ ಫೈಬರ್ ರೂಟರ್, ಒಂದು ಎನ್‌ವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ), ಅಡಿಕೆ ಶೆಡ್ಡಿನಲ್ಲಿ ಹಳೆಯ ವೈಫೈ ರೂಟರ್, ಒಟ್ಟು ಆರು ಕ್ಯಾಮೆರಾ. ಕರೆಂಟ್ ಹೋಗಿ ಬಂದಾಗೆಲ್ಲ ಒಂದೆರಡು ಕ್ಯಾಮೆರಾ ಕಾಣಲ್ಲ ಅಂದಿದ್ದೀರಿ. ಕ್ಯಾಮೆರಾ ಬದಲಿಸಲು ಹೋಗಬೇಡಿ, ತಕರಾರು ಬಹುಶಃ ಐಪಿ (ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನದ ನಂಬರ್) ಹಂಚುವಲ್ಲಿದೆ. ಈ ಹಂಚಿಕೆಗೇ ಡಿಎಚ್‌ಸಿಪಿ ಅನ್ನುತ್ತಾರೆ.

ರೂಟರ್ ಐಪಿಯನ್ನು ಗಡುವಿನ ಮೇಲೆ ಕೊಡುತ್ತದೆ. ಯಾರಿಗೆ ಯಾವುದು ಕೊಟ್ಟೆ ಅನ್ನುವ ಪಟ್ಟಿಯನ್ನು ಎಷ್ಟೋ ಮನೆ ರೂಟರ್‌ಗಳು ರೀಬೂಟ್ ಆದಾಗ ಮರೆತುಬಿಡುತ್ತವೆ. ಕ್ಯಾಮೆರಾಗೆ ಬೇರೆ ನಂಬರ್ ಸಿಕ್ಕಿರುತ್ತದೆ, ಎನ್‌ವಿಆರ್ ಹಳೆಯದನ್ನೇ ಹುಡುಕುತ್ತಿರುತ್ತದೆ.

ಇನ್ನೊಂದು ಅನುಮಾನ ಶೆಡ್ಡಿನ ರೂಟರ್ ಮೇಲೆ. ಅಲ್ಲಿನ ವೈಫೈಗೆ ಫೋನ್ ಸೇರಿಸಿ ಗೇಟ್‌ವೇ (ರೂಟರಿನ ಐಪಿ) ನೋಡಿ. 192.168.1.1 ಇರಬೇಕಾದ ಕಡೆ 192.168.0.1 ಕಂಡರೆ ಅದೂ ಐಪಿ ಹಂಚುತ್ತಿದೆ. ಸಾಮಾನ್ಯವಾಗಿ ಯಾರ ಉತ್ತರ ಮೊದಲು ಬಂತೋ ಸಾಧನ ಅದನ್ನೇ ಹಿಡಿಯುತ್ತದೆ. ಅದಕ್ಕೇ ಒಂದು ದಿನ ಸರಿ, ಒಂದು ದಿನ ಇಲ್ಲ.

ಮೊದಲು ಅದನ್ನು ಸರಿಮಾಡಿ. ಮನೆಯಿಂದ ಬಂದ ಕೇಬಲ್ ಕಿತ್ತು, ಲ್ಯಾಪ್‌ಟಾಪಿನಿಂದ ಶೆಡ್ ರೂಟರಿನ ಲ್ಯಾನ್ (ಒಳ ನೆಟ್‌ವರ್ಕ್) ಐಪಿಯನ್ನು 192.168.1.2 ಮಾಡಿ, ಮತ್ತೆ ಲಾಗಿನ್ ಆಗಿ ಡಿಎಚ್‌ಸಿಪಿ ಆಫ್ ಮಾಡಿ. ಆಮೇಲೆ ಲ್ಯಾಪ್‌ಟಾಪಿಗೆ ಐಪಿ ಸಿಗುವುದಿಲ್ಲ, ಗಾಬರಿ ಬೇಡ. ಮತ್ತೆ ಒಳಗೆ ಹೋಗಬೇಕಾದರೆ ಕೈಯಾರೆ 192.168.1.50 ಹಾಕಿಕೊಳ್ಳಿ. ಕೊನೆಗೆ ಮನೆಯಿಂದ ಬಂದ ಕೇಬಲ್ಲನ್ನು ಲ್ಯಾನ್ ಪೋರ್ಟಿಗೇ ಚುಚ್ಚಿ. ವ್ಯಾನ್ (ಇಂಟರ್ನೆಟ್ ಬರುವ) ಪೋರ್ಟಿಗೆ ಹಾಕಿದರೆ ಶೆಡ್ ಬೇರೆಯೇ ನೆಟ್‌ವರ್ಕ್ ಆಗಿ, ಮನೆಯ ಎನ್‌ವಿಆರ್‌ಗೆ ಅಲ್ಲಿನ ಕ್ಯಾಮೆರಾ ಕಾಣದು.

ಈಗ ಮುಖ್ಯ ರೂಟರಿನಲ್ಲಿ ಪೂಲ್ (ತಾನಾಗಿ ಹಂಚುವ ಐಪಿಗಳ ಸಾಲು) 120ರಿಂದ 199 ಇಡಿ, ಅಂದರೆ 192.168.1.120ರಿಂದ 192.168.1.199. ಬಹಳ ಜನ 100ರಿಂದ ಶುರುಮಾಡುತ್ತಾರೆ, ನಾನು ಬೇಡ ಅಂತೀನಿ: ದಹುವಾ ಕ್ಯಾಮೆರಾಗಳ ಫ್ಯಾಕ್ಟರಿ ಐಪಿ 192.168.1.108, ಹಿಕ್‌ವಿಷನ್‌ನದು 192.168.1.64. ರೀಸೆಟ್ ಆದ ಕ್ಯಾಮೆರಾ ಆ ನಂಬರಿಗೆ ಬಂದು ಕೂತರೆ ಯಾರದೋ ಫೋನಿನ ಜೊತೆ ಜಗಳ. ಎನ್‌ವಿಆರ್‌ಗೆ 10, ಕ್ಯಾಮೆರಾಗಳಿಗೆ 11ರಿಂದ 16 ಕೊಟ್ಟು, ಲೇಬಲ್ ಮೇಲಿನ 12 ಅಕ್ಷರದ ಮ್ಯಾಕ್ ವಿಳಾಸ (ಸಾಧನದ ಗುರುತು) ನೋಡಿ ಅಡ್ರೆಸ್ ರಿಸರ್ವೇಶನ್ ಮಾಡಿ, ಅಂದರೆ ಆ ಸಾಧನಕ್ಕೆ ಯಾವಾಗಲೂ ಅದೇ ಐಪಿ ಸಿಗುವಂತೆ ಕಾದಿರಿಸಿ. ಕ್ಯಾಮೆರಾ ಡಿಎಚ್‌ಸಿಪಿಯಲ್ಲೇ ಇರಲಿ. ಕೆಲವು ರೂಟರ್ ಪೂಲ್ ಒಳಗಿನ ನಂಬರನ್ನು ಮಾತ್ರ ಒಪ್ಪುತ್ತವೆ. ಹಾಗಾದರೆ 190ರಿಂದ 196 ಬಳಸಿ. ಸೇವ್ ಮಾಡಿದರೆ ಸಾಲದು, ಕ್ಯಾಮೆರಾ ಆಫ್ ಮಾಡಿ ಆನ್ ಮಾಡಬೇಕು, ಎನ್‌ವಿಆರ್‌ನಲ್ಲೂ ಹೊಸ ಐಪಿ ತುಂಬಬೇಕು. ಎನ್‌ವಿಆರ್ ಹಿಂಬದಿಯ ಪಿಒಇ (ಒಂದೇ ಕೇಬಲ್ಲಿನಲ್ಲಿ ಕರೆಂಟೂ ಡೇಟಾವೂ ಕೊಡುವ) ಪೋರ್ಟಿಗೇ ನೇರ ಹಾಕಿದ ಕ್ಯಾಮೆರಾ ಇದ್ದರೆ ಅದನ್ನು ಮುಟ್ಟಬೇಡಿ, ಅದಕ್ಕೆ ಸಾಮಾನ್ಯವಾಗಿ ಎನ್‌ವಿಆರೇ ಐಪಿ ಕೊಡುತ್ತದೆ.

ಲೀಸ್ ಟೈಮ್, ಅಂದರೆ ಐಪಿಯ ಗಡುವು, 24 ಗಂಟೆ ಸಾಕು. ತುಂಬುವಾಗ ಘಟಕ ನೋಡಿ: ಕೆಲವು ರೂಟರ್‌ಗಳಲ್ಲಿ ನಿಮಿಷ, ಅಂದರೆ 1440, ಕೆಲವದರಲ್ಲಿ ಸೆಕೆಂಡು, 86400.

ಫೋನಿಗೂ ರಿಸರ್ವೇಶನ್ ಬೇಕಿದ್ದರೆ ಆ ವೈಫೈಗೆ ಪ್ರೈವೇಟ್ ಮ್ಯಾಕ್ (ಫೋನ್ ತೋರಿಸುವ ಬದಲಿ ಮ್ಯಾಕ್) ಆಫ್ ಮಾಡಿ, ಇಲ್ಲದಿದ್ದರೆ ಲೇಬಲ್ಲಿನ ಮ್ಯಾಕ್ ಹೊಂದುವುದಿಲ್ಲ.

ಇಷ್ಟಾದ ಮೇಲೂ ಲ್ಯಾಪ್‌ಟಾಪಿನಲ್ಲಿ 169.254 ಅಂತ ಶುರುವಾಗುವ ಐಪಿ ಬಂದರೆ ರೂಟರಿನ ಉತ್ತರವೇ ತಲುಪಿಲ್ಲ ಎಂದರ್ಥ. ಆಗ ಸೆಟ್ಟಿಂಗ್ ಬಿಟ್ಟು ಕೇಬಲ್, ಆರ್‌ಜೆ45 ಕ್ರಿಂಪಿಂಗ್ (ಕೇಬಲ್ ತುದಿಯ ಪ್ಲಗ್ ಒತ್ತಿ ಕೂರಿಸಿದ್ದು), ಸ್ವಿಚ್ಚಿನ ಅಡಾಪ್ಟರ್ ನೋಡಿ. ಇಲಿ ಕಡಿದ ಕೇಬಲ್ಲಿಗೆ ಯಾವ ರಿಸರ್ವೇಶನ್ನೂ ಕೆಲಸಕ್ಕೆ ಬಾರದು.